ಬೈಕಿನ ಕ್ಯಾಮೆರಾ ಆಕಾಶಕ್ಕೆ ಆಗುವುದಿಲ್ಲ: ಸ್ಕೈಡೈವಿಂಗ್‌ನಲ್ಲಿ ಹೆಲ್ಮೆಟ್ ಕ್ಯಾಮೆರಾ ಬಳಸುವುದು ಹೇಗೆ?

ಕಳೆದ ತಿಂಗಳು ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ನನ್ನ ಸ್ಟುಡಿಯೊಗೆ ಇಬ್ಬರು ಹುಡುಗರು ಬಂದರು. ಒಬ್ಬನ ಕೈಯಲ್ಲಿ ಬೈಕ್ ಹೆಲ್ಮೆಟ್ ಇತ್ತು. ಗಲ್ಲದ ಭಾಗಕ್ಕೆ ಮೌಂಟ್ ಅಂಟಿಸಿ, ಅದರ ಮುಂದೆ ಇನ್ನೊಂದು ಪ್ಲಾಸ್ಟಿಕ್ ತೋಳು ಜೋಡಿಸಿ, ತುದಿಯಲ್ಲಿ ಆ್ಯಕ್ಷನ್ ಕ್ಯಾಮೆರಾ ಕೂರಿಸಿದ್ದ. ಆಗುಂಬೆ ಘಾಟಿಯ ಹದಿನಾಲ್ಕೂ ತಿರುವುಗಳನ್ನು ಅದರಲ್ಲೇ ಚೆನ್ನಾಗಿ ತೆಗೆದಿದ್ದ. ‘ಅಣ್ಣಾ, ಸ್ಕೈಡೈವಿಂಗ್ ಕಲಿಯೋಕೆ ಹೋಗ್ತಿದೀನಿ. ಇದನ್ನೇ ಹಾಕ್ಕೊಂಡು ಹಾರಬಹುದಲ್ವಾ?’ ಎಂದು ಕೇಳಿದ.

ಆಗುವುದಿಲ್ಲ. ಯಾಕೆ ಅಂತ ಅವನಿಗೆ ಒಂದು ಗಂಟೆ ಕೂರಿಸಿ ಹೇಳಿದೆ. ಇದೇ ಪ್ರಶ್ನೆ ಕೇಳುವವರು ಜಾಸ್ತಿ ಆಗುತ್ತಿದ್ದಾರೆ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಮದುವೆ ವಿಡಿಯೊ ನನ್ನ ಕಸುಬು. ಸ್ಕೈಡೈವಿಂಗ್ ಕಲಿತದ್ದು ಹೊರದೇಶದಲ್ಲಿ, ಈಗ ಮುನ್ನೂರು ಜಂಪ್ ದಾಟಿದೆ.

ಬೈಕಿನಲ್ಲಿ ಗಾಳಿ ಮುಂದಿನಿಂದ ಬರುತ್ತದೆ, ಅಷ್ಟೇ. ಹಿಂದಿನಿಂದ ಏನೂ ಬರುವುದಿಲ್ಲ. ಸ್ಕೈಡೈವಿಂಗ್‌ನಲ್ಲಿ ಪ್ಯಾರಾಚೂಟ್ ಇರುವುದೇ ಬೆನ್ನಿನ ಮೇಲೆ. ತೆರೆಯುವಾಗ ಮೊದಲು ದೊಡ್ಡದನ್ನು ಹೊರಗೆ ಎಳೆಯುವ ಪುಟ್ಟ ಪೈಲಟ್ ಚೂಟ್, ಅದಕ್ಕೆ ಕಟ್ಟಿದ ಉದ್ದನೆಯ ಪಟ್ಟಿ, ಆಮೇಲೆ ಪ್ಯಾರಾಚೂಟ್ ಮಡಿಸಿಟ್ಟ ಚೀಲ, ಅದರ ಜೊತೆಗೆ ಹತ್ತಾರು ದಾರಗಳು, ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ನಿಮ್ಮ ತಲೆಯ ಹತ್ತಿರದಿಂದಲೇ ಮೇಲೆ ಹೋಗುತ್ತವೆ. ಅಡಿಕೆ ತೋಟದವರಿಗೆ ಇದನ್ನು ಹೇಳುವುದು ಸುಲಭ. ದೋಟಿಯ ತುದಿಯ ಕತ್ತಿ ಗೊನೆಯ ಬುಡಕ್ಕೆ ಸಿಕ್ಕಿತೆಂದರೆ ಎಳೆದಷ್ಟೂ ಕಚ್ಚಿ ಹಿಡಿಯುತ್ತದೆ. ಹೆಲ್ಮೆಟ್ಟಿನಿಂದ ಆಚೆ ಚಾಚಿಕೊಂಡ ಕ್ಯಾಮೆರಾ ಆ ದಾರಗಳ ಪಾಲಿಗೆ ಅಂಥದ್ದೇ ಕೊಕ್ಕೆ. ದಾರ ನೋಡಲು ತೆಳು. ಆದರೆ ನೂರಾರು ಕೆಜಿ ಭಾರಕ್ಕೂ ಹರಿಯುವುದಿಲ್ಲ. ಅದು ಸಿಕ್ಕಿಹಾಕಿಕೊಂಡರೆ ಜಗ್ಗುವುದು ಕ್ಯಾಮೆರಾವನ್ನಲ್ಲ, ಕುತ್ತಿಗೆಯನ್ನು.

ಹಂತ 1: ನಿಮಗೆ ಕ್ಯಾಮೆರಾ ಹಾಕುವ ಹೊತ್ತು ಬಂದಿದೆಯಾ?

ಟ್ಯಾಂಡಮ್ ಜಂಪ್, ಅಂದರೆ ಇನ್‌ಸ್ಟ್ರಕ್ಟರ್ ಜೊತೆ ಕಟ್ಟಿಕೊಂಡು ಹಾರುವುದಾದರೆ, ನೀವು ಕ್ಯಾಮೆರಾ ಮುಟ್ಟಲೇಬೇಡಿ. ಇನ್‌ಸ್ಟ್ರಕ್ಟರ್ ತಮ್ಮ ಮುಂಗೈಗೆ ಕಟ್ಟಿಕೊಂಡ ಕ್ಯಾಮೆರಾದಲ್ಲಿ ತೆಗೆಯುತ್ತಾರೆ. ಇಲ್ಲವೇ ಪಕ್ಕದಲ್ಲಿ ಹಾರುವ ಇನ್ನೊಬ್ಬರು ತೆಗೆಯುತ್ತಾರೆ. ಅದಕ್ಕೆ ದುಡ್ಡು ಕೊಟ್ಟುಬಿಡಿ. ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಬಾಗಿಲ ಹತ್ತಿರ ತೆಗೆಯುವ ಆಸೆಯೂ ಬೇಡ.

ಒಬ್ಬರೇ ಹಾರಲು ಕಲಿಯುತ್ತಿರುವವರಿಗೆ ಲೆಕ್ಕ ಸರಳ. ಅಮೆರಿಕದ ಪ್ಯಾರಾಚೂಟ್ ಅಸೋಸಿಯೇಷನ್ ಹೇಳುವುದು ಸಿ ಲೈಸೆನ್ಸ್ ಬಂದ ಮೇಲೆಯೇ ಕ್ಯಾಮೆರಾ ಎಂದು. ಆ ಲೈಸೆನ್ಸ್‌ಗೆ 200 ಜಂಪ್ ಆಗಿರಬೇಕು. ‘ಇಷ್ಟು ಚಿಕ್ಕ ಕ್ಯಾಮೆರಾಗೆ 200 ಯಾಕೆ?’ ಎಂದು ಎಲ್ಲರೂ ಕೇಳುತ್ತಾರೆ. ತೂಕಕ್ಕಿಂತ ದೊಡ್ಡ ತೊಂದರೆ ಗಮನದ್ದು. ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ವೇಗ ಗಂಟೆಗೆ ಸುಮಾರು 200 ಕಿ.ಮೀ. ಅಂದರೆ 1,000 ಅಡಿ ಇಳಿಯಲು ಐದೂವರೆ ಸೆಕೆಂಡ್. ‘ರೆಕಾರ್ಡ್ ಆಗ್ತಿದೆಯಾ?’ ಎಂದು ಯೋಚಿಸಿ ಮುಗಿಸುವಷ್ಟರಲ್ಲಿ ಅದು ಕಳೆದಿರುತ್ತದೆ.

1988ರ ಏಪ್ರಿಲ್‌ನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಒಬ್ಬರು, ನೂರಾರು ಜಂಪ್ ಮಾಡಿದ್ದ ಅನುಭವಿ, ಬೇರೆಯವರ ವಿಡಿಯೊ ತೆಗೆಯುತ್ತಾ ವಿಮಾನದಿಂದ ಹಾರಿದರು. ಪ್ಯಾರಾಚೂಟ್ ಹಾಕಿಕೊಂಡೇ ಇರಲಿಲ್ಲ. ಉಳಿಯಲಿಲ್ಲ. ಹೊಸಬರಿಗೆ ನಾನು ಇದನ್ನು ಪ್ರತಿ ಸಲ ಹೇಳುತ್ತೇನೆ. ಅಷ್ಟು ಪಳಗಿದವರನ್ನೇ ಕ್ಯಾಮೆರಾ ಹಾಗೆ ಮರೆಸಬಲ್ಲದು.

ಹಂತ 2: ಕ್ಯಾಮೆರಾ ಕೂರಿಸುವುದು

ಇಲ್ಲಿ ಆತುರ ಬೇಡ. ನಾನು ನೋಡಿದ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಆಗಿವೆ.

ಬೈಕ್ ಹೆಲ್ಮೆಟ್ ಬೇಡವೇ ಬೇಡ. ಅದು ಭಾರ. ಎತ್ತರ ತಿಳಿಸಲು ಕಿವಿಯ ಹತ್ತಿರ ಬೀಪ್ ಕೊಡುವ ಆಲ್ಟಿಮೀಟರ್ ಇಡಲು ಜಾಗ ಇರುವುದಿಲ್ಲ. ಸ್ಕೈಡೈವಿಂಗ್‌ಗೆಂದೇ ಮಾಡಿದ ಹೆಲ್ಮೆಟ್ ತಗೊಳ್ಳಿ. ನುಣುಪಾಗಿರಬೇಕು, ತಲೆಗೆ ಸರಿಯಾಗಿ ಕೂರಬೇಕು. ಅಲ್ಲಾಡುವ ಹೆಲ್ಮೆಟ್ಟಿಗೆ ಎಷ್ಟು ಒಳ್ಳೆ ಕ್ಯಾಮೆರಾ ಹಾಕಿದರೂ ಸುಮ್ನೆ ದಂಡ.

ಕ್ಯಾಮೆರಾ ಎಲ್ಲಿ ಇಡಬೇಕು ಎನ್ನುವುದರಲ್ಲಿ ಜಂಪ್ ಮಾಡುವವರಲ್ಲೇ ಜಗಳ ಇದೆ. ನನ್ನ ಮಾತು ಕೇಳುವುದಾದರೆ ಹಣೆಯ ನೇರಕ್ಕೆ, ನಡುವೆ, ಹೆಲ್ಮೆಟ್ಟಿಗೆ ಅಂಟಿದ ಹಾಗೆ. ಪಕ್ಕಕ್ಕೆ ಹಾಕಿದರೆ ಪ್ಯಾರಾಚೂಟ್ ತೆರೆದು ಜಗ್ಗಿದಾಗ ತಲೆ ಒಂದು ಕಡೆಗೆ ವಾಲುತ್ತದೆ. ಸುಮಾರು 150 ಗ್ರಾಂ ತೂಕದ ಕ್ಯಾಮೆರಾ ಆ ಜಗ್ಗಿನಲ್ಲಿ ಹಲವು ಪಟ್ಟು ಭಾರವಾಗುತ್ತದೆ.

ಕ್ಯಾಮೆರಾ ಜೊತೆ ಬರುವ ಮೂರು ಬೆರಳಿನ ಪ್ಲಾಸ್ಟಿಕ್ ಮೌಂಟ್ ಗೊತ್ತಲ್ವಾ? ಅದನ್ನು ಹಾಗೇ ಹಾಕಿದರೆ ಮೂರು ತೊಂದರೆ ಇವೆ. ಒಂದು, ಕ್ಯಾಮೆರಾ ಎತ್ತರಕ್ಕೆ ನಿಲ್ಲುತ್ತದೆ. ಎರಡು, ಕೈಯಲ್ಲಿ ತಿರುಗಿಸುವ ಆ ಉದ್ದ ಸ್ಕ್ರೂ ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ಮೂರನೆಯದನ್ನು ಯಾರೂ ನೋಡುವುದಿಲ್ಲ. ಕ್ಯಾಮೆರಾದ ತಳಕ್ಕೂ ಹೆಲ್ಮೆಟ್ಟಿಗೂ ನಡುವೆ ಒಂದು ಸಂದು ಉಳಿಯುತ್ತದೆ. ದಾರ ಬಂದು ತೂರಿಕೊಳ್ಳುವುದು ಆ ಸಂದಿನಲ್ಲೇ. ಹೊರಗೆ ಚಾಚಿದ್ದಕ್ಕಿಂತ ನನಗೆ ಸಂದಿನದೇ ಭಯ ಜಾಸ್ತಿ, ಯಾಕೆಂದರೆ ಒಳಗೆ ಹೊಕ್ಕ ದಾರ ತಾನಾಗಿ ಹೊರಗೆ ಬರುವುದಿಲ್ಲ.

ಹಾಗಾಗಿ ತಗ್ಗಾದ ಮೌಂಟ್ ಕೊಳ್ಳಿ. ಉದ್ದ ಸ್ಕ್ರೂ ತೆಗೆದು, ತನ್ನ ತಲೆ ಮೌಂಟಿನ ಒಳಗೇ ಕೂರುವಂಥ ಚಿಕ್ಕ ಬೋಲ್ಟ್ ಹಾಕಿ. ಉಳಿದ ಸಂದನ್ನು ತುಂಬಿಸಿ. ಎಂ-ಸೀಲ್ ಕಲಸಿ ಮೌಂಟಿನ ಸುತ್ತ ಇಳಿಜಾರು ಮಾಡಿ, ಒಣಗಿದ ಮೇಲೆ ಉಪ್ಪು ಕಾಗದದಲ್ಲಿ ಉಜ್ಜಿ ನುಣುಪು ಮಾಡಿದರೆ ನಡೆಯುತ್ತದೆ. ಅದರ ಮೇಲೆ ಬಟ್ಟೆಯ ಗ್ಯಾಫರ್ ಟೇಪ್. ಪ್ಯಾಕಿಂಗ್ ಟೇಪ್ ಹಾಕಬೇಡಿ, ಗಾಳಿಗೆ ತುದಿ ಎದ್ದು ಪಟಪಟ ಬಡಿಯುತ್ತದೆ, ಆ ತುದಿಯೇ ಇನ್ನೊಂದು ತೊಡಕು. ಕ್ಯಾಮೆರಾ ಬೀಳದಿರಲಿ ಎಂದು ದಾರ ಕಟ್ಟಿ ಕುಣಿಕೆ ಮಾಡುವವರಿದ್ದಾರೆ. ಕುಣಿಕೆ ಬೇಡ. ಹೆಲ್ಮೆಟ್ಟಿಗೆ ನೀವೇ ಡ್ರಿಲ್ ಹಾಕಲೂ ಬೇಡಿ. ಒಳಗೆ ಉಳಿಯುವ ಸ್ಕ್ರೂ ತುದಿ ಎಲ್ಲಿಗೆ ಚುಚ್ಚುತ್ತದೆ ಎಂದು ಯೋಚಿಸಿ.

ಅಂಟಿಸುವ ಮೌಂಟ್ ಆದರೆ ಮೊದಲು ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಡಿ, ಒತ್ತಿ ಅಂಟಿಸಿ, ಪೂರ್ತಿ 24 ಗಂಟೆ ಮುಟ್ಟಬೇಡಿ. ಹಿಂದಿನ ರಾತ್ರಿ ಅಂಟಿಸಿ ಬೆಳಿಗ್ಗೆ ಹಾರುವುದು ತಪ್ಪು. ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಗೋಡೆಯೇ ಬೆವರುತ್ತಿರುತ್ತದೆ, ಅಂಟು ಹಿಡಿಯುವುದು ಕಷ್ಟ. ಸ್ಟುಡಿಯೊದಲ್ಲಿ ನಾನು ಬಲ್ಬಿನ ಬೆಳಕಿನ ಹತ್ತಿರ ಇಟ್ಟು ಜಾಗ ಬೆಚ್ಚಗಾದ ಮೇಲೆಯೇ ಅಂಟಿಸುತ್ತೇನೆ. ಹಾರ್ಡ್‌ವೇರ್ ಅಂಗಡಿಯ ಅಗ್ಗದ ಸ್ಪಂಜಿನ ಡಬಲ್ ಸೈಡ್ ಟೇಪ್ ಇದಕ್ಕೆ ಆಗುವುದಿಲ್ಲ. 10,000 ಅಡಿಯಿಂದ ಬಿದ್ದ ಕ್ಯಾಮೆರಾ ಕೆಳಗೆ ಯಾರದೋ ಹಂಚಿನ ಮೇಲೆ ಬೀಳುತ್ತದೆ, ಇಲ್ಲವೇ ತಲೆಯ ಮೇಲೆ.

ಈಗ ಪರೀಕ್ಷೆ. ಪ್ಯಾರಾಚೂಟ್ ಸರಿ ಮಾಡುವ ರಿಗ್ಗರ್ ಹತ್ತಿರ ಹಳೇ ದಾರದ ಒಂದು ತುಂಡು ಕೇಳಿ, ಕೊಡುತ್ತಾರೆ. ಹೆಲ್ಮೆಟ್ಟನ್ನು ತೊಡೆಯ ನಡುವೆ ಗಟ್ಟಿಯಾಗಿ ಹಿಡಿದುಕೊಳ್ಳಿ. ದಾರದ ಎರಡು ತುದಿ ಎರಡು ಕೈಯಲ್ಲಿ. ಹಿಂದಿನಿಂದ ಮುಂದಕ್ಕೆ, ಎಡದಿಂದ ಬಲಕ್ಕೆ, ಮೂಲೆಯಿಂದ ಮೂಲೆಗೆ ಸವರಿ. ಒಮ್ಮೆ ಬಿಗಿಯಾಗಿ, ಒಮ್ಮೆ ಸಡಿಲವಾಗಿ. ಸಡಿಲ ದಾರವೇ ಜಾಸ್ತಿ ಸಿಕ್ಕಿಕೊಳ್ಳುವುದು, ಅದನ್ನು ಬಿಡಬೇಡಿ. ಒಂದೇ ಒಂದು ಕಡೆ ದಾರ ತಡೆದು ನಿಂತರೂ ಅಲ್ಲಿ ಮತ್ತೆ ತುಂಬಿಸಿ, ಉಜ್ಜಿ, ಮತ್ತೆ ಸವರಿ. ನನ್ನ ಈಗಿನ ಹೆಲ್ಮೆಟ್ಟಿಗೆ ಇದಕ್ಕೇ ಮೂರು ಸಂಜೆ ಹಿಡಿಯಿತು.

ಹಂತ 3: ಬಿಚ್ಚುವುದನ್ನು ಕಲಿಯಿರಿ

ಎಷ್ಟೇ ನುಣುಪು ಮಾಡಿದರೂ ದಾರ ಸಿಕ್ಕಬಹುದು. ಆಗ ಹೆಲ್ಮೆಟ್ಟನ್ನೇ ಬಿಟ್ಟುಬಿಡಬೇಕು. ಅದಕ್ಕೆ ಗಲ್ಲದ ಪಟ್ಟಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತಿರಬೇಕು, ಎಡಗೈಗೂ ಸಿಗಬೇಕು, ಬಲಗೈಗೂ ಸಿಗಬೇಕು, ಗ್ಲೌಸ್ ಹಾಕಿದಾಗಲೂ. ಬೈಕ್ ಹೆಲ್ಮೆಟ್ಟಿನ ಎರಡು ರಿಂಗಿನ ಪಟ್ಟಿ ಇದಕ್ಕೆ ಬರುವುದಿಲ್ಲ. ಮನೆಯಲ್ಲಿ ಕನ್ನಡಿ ಮುಂದೆ ಹತ್ತು ಸಲ, ಕಣ್ಣು ಮುಚ್ಚಿ ಹತ್ತು ಸಲ ಬಿಚ್ಚಿ. ಪ್ರತಿ ಜಂಪ್ ದಿನವೂ ಒಮ್ಮೆ.

ಒಂದು ವಿಷಯ ತುಂಬ ಮುಖ್ಯ. ಮುಖ್ಯ ಪ್ಯಾರಾಚೂಟ್ ಕೆಟ್ಟರೆ ಅದನ್ನು ಕಳಚಿ ರಿಸರ್ವ್, ಅಂದರೆ ಬೆನ್ನಿನಲ್ಲೇ ಇರುವ ಎರಡನೇ ಪ್ಯಾರಾಚೂಟ್, ತೆರೆಯಬೇಕು ಎಂದು ಎಲ್ಲರಿಗೂ ಕಲಿಸಿರುತ್ತಾರೆ. ಆದರೆ ಅದರ ದಾರ ನಿಮ್ಮ ಹೆಲ್ಮೆಟ್ಟಿಗೆ ಸಿಕ್ಕಿರುವಾಗ ಕಳಚಿದರೆ? ಇಡೀ ಪ್ಯಾರಾಚೂಟ್ ತಲೆಗೆ ಜೋತುಬೀಳುತ್ತದೆ. ಹಾಗಾಗಿ ಕ್ಯಾಮೆರಾ ಹಾಕಿದವರ ಆಪತ್ತಿನ ಅಭ್ಯಾಸವೇ ಬೇರೆ. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಎತ್ತರದವರೆಗೆ ಬಿಡಿಸಲು ನೋಡಬೇಕು, ಇದನ್ನು ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ನೆಲದ ಮೇಲೆ ಸರಂಜಾಮು ಹಾಕಿಕೊಂಡೇ ಅಭ್ಯಾಸ ಮಾಡಿ. ನನ್ನ ಲೇಖನ ಓದಿ ಕಲಿತೆ ಅನ್ನಬೇಡಿ. ದಾರ ಕತ್ತರಿಸುವ ಕೊಕ್ಕೆ ಚಾಕುವೂ ಜೊತೆಗಿರಲಿ.

ಹಂತ 4: ವಿಮಾನದಲ್ಲಿ ಮತ್ತು ಗಾಳಿಯಲ್ಲಿ

ಸೆಟಿಂಗ್ ಎಲ್ಲ ನೆಲದ ಮೇಲೇ ಮುಗಿಸಿ: 4ಕೆ, 60 ಫ್ರೇಮ್, ವೈಡ್. ಮೇಲೆ ಚಳಿ ಇರುತ್ತದೆ, 1,000 ಅಡಿಗೆ ಸುಮಾರು 2 ಡಿಗ್ರಿ ಕಡಿಮೆಯಾಗುತ್ತಾ ಹೋಗುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಅದಕ್ಕೆ ಪೂರ್ತಿ ಚಾರ್ಜ್ ಮಾಡಿ. ಬಾಗಿಲು ತೆರೆಯುವ ಮೊದಲೇ ರೆಕಾರ್ಡ್ ಒತ್ತಿ, ಕೆಂಪು ದೀಪ ಹತ್ತಿದೆಯಾ ಎಂದು ಪಕ್ಕದವರನ್ನು ಕೇಳಿ. ಆಮೇಲೆ ಕ್ಯಾಮೆರಾ ಇದೆ ಎನ್ನುವುದನ್ನೇ ಮರೆತುಬಿಡಿ. ದೀಪ ಹತ್ತದಿದ್ದರೆ ಆ ಜಂಪ್‌ಗೆ ವಿಡಿಯೊ ಇಲ್ಲ ಎಂದುಕೊಂಡು ಹಾರಿ. ಪ್ಯಾರಾಚೂಟ್ ತೆರೆಯುವುದನ್ನು ಚಂದ ತೆಗೆಯಬೇಕೆಂದು ತಲೆ ಎತ್ತಿ ನೋಡಬೇಡಿ. ಕುತ್ತಿಗೆ ನೇರ ಇರಲಿ.

ಹಂತ 5: ವಿಡಿಯೊ ಕಾಪಾಡುವುದು

ಇಳಿದ ಮೇಲೆ ಇನ್ನೊಂದು ಬಗೆಯ ತಪ್ಪುಗಳು ಶುರುವಾಗುತ್ತವೆ. ಅಳುಮುಖ ಮಾಡಿಕೊಂಡು ನನ್ನ ಸ್ಟುಡಿಯೊಗೆ ಬರುವವರು ಇಲ್ಲಿ ಎಡವಿದವರು.

ಕಾರ್ಡ್‌ನಿಂದ ಕಂಪ್ಯೂಟರಿಗೆ ಹಾಕುವಾಗ ‘ಕಟ್’ ಮಾಡಬೇಡಿ, ‘ಕಾಪಿ’ ಮಾಡಿ. ನಮ್ಮ ಕಡೆ ಒಂದು ಗಾಳಿ ಬೀಸಿದರೆ ಕರೆಂಟ್ ಹೋಗುತ್ತದೆ. ಕಟ್ ಮಾಡಿ ಅರ್ಧಕ್ಕೆ ನಿಂತ ಫೈಲ್ ಅಲ್ಲೂ ಇಲ್ಲ ಇಲ್ಲೂ ಇಲ್ಲ ಎಂದು ಆಗುವುದನ್ನು ನೋಡಿದ್ದೇನೆ. ಎರಡು ಬೇರೆ ಬೇರೆ ಡಿಸ್ಕ್‌ಗೆ ಕಾಪಿ ಆಗಿ, ಎರಡರಲ್ಲೂ ಕೊನೆಯವರೆಗೆ ಓಡಿಸಿ ನೋಡುವ ತನಕ ಕಾರ್ಡ್ ಅಳಿಸಬೇಡಿ. 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ನಿಮಿಷಕ್ಕೆ ಸುಮಾರು 750 ಎಂಬಿ ಆಗುತ್ತದೆ, ಅಂದರೆ 15 ನಿಮಿಷಕ್ಕೆ 11 ಜಿಬಿ ದಾಟುತ್ತದೆ. ಮೊದಲೇ ಜಾಗ ನೋಡಿಕೊಳ್ಳಿ.

ಗೋಪ್ರೊ ಉದ್ದ ವಿಡಿಯೊವನ್ನು ತುಂಡು ಮಾಡಿ ಇಡುತ್ತದೆ. ಫೈಲಿನ ಹೆಸರಿನಲ್ಲಿ ಕೊನೆಯ ನಾಲ್ಕು ಅಂಕಿ ವಿಡಿಯೊದ ನಂಬರ್, ಅದಕ್ಕೆ ಹಿಂದಿನ ಎರಡು ಅಂಕಿ ಎಷ್ಟನೇ ತುಂಡು ಎನ್ನುವುದು. ಇದು ಗೊತ್ತಿಲ್ಲದೆ ‘ನನ್ನ ಲ್ಯಾಂಡಿಂಗ್ ಕಾಣೆಯಾಗಿದೆ’ ಎಂದು ಬಂದವರಿದ್ದಾರೆ. ಅದು ಪಟ್ಟಿಯಲ್ಲಿ ಎಲ್ಲೋ ಕೆಳಗೆ ಕೂತಿರುತ್ತದೆ. ಬ್ಯಾಟರಿ ಸತ್ತು ಫೈಲ್ ತೆರೆಯದಿದ್ದರೆ ಕಾರ್ಡನ್ನು ಅದೇ ಕ್ಯಾಮೆರಾಗೆ ಹಾಕಿ ಆನ್ ಮಾಡಿ, ಎಷ್ಟೋ ಸಲ ಅದೇ ಸರಿ ಮಾಡಿಕೊಳ್ಳುತ್ತದೆ. ತಪ್ಪಿ ಅಳಿಸಿದರೆ ಆ ಕಾರ್ಡಿನಲ್ಲಿ ಇನ್ನೊಂದು ಫೋಟೊ ಕೂಡ ತೆಗೆಯಬೇಡಿ. ಹಾಗೇ ತೆಗೆದಿಟ್ಟು ತನ್ನಿ.

ಅಗ್ಗಕ್ಕೆ ಸಿಗುವ 1 ಟಿಬಿ ಕಾರ್ಡ್‌ಗಳನ್ನು ನಂಬಬೇಡಿ. ಒಳಗೆ 32 ಜಿಬಿ ಇರುತ್ತದೆ, ತುಂಬಿದ ಮೇಲೆ ಹಳೆಯದರ ಮೇಲೇ ಬರೆದುಕೊಂಡು ಹೋಗುತ್ತದೆ. ವಿ30 ಎಂಬ ವೇಗದ ಗುರುತಿನ, ಬಿಲ್ ಇರುವ ಕಾರ್ಡ್ ಕೊಳ್ಳಿ. ವಿಡಿಯೊದ ಚಿಕ್ಕ ತುಂಡನ್ನು ಗೆಳೆಯರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಎಂದು ಕಳಿಸಿ, ಇಲ್ಲದಿದ್ದರೆ ಕುಗ್ಗಿಸಿಬಿಡುತ್ತದೆ.

ಕ್ಯಾಮೆರಾವನ್ನು ಅಕ್ಕಿ ಡಬ್ಬಿಯಲ್ಲಿ ಇಡುವ ರೂಢಿ ಇಲ್ಲಿ ಇದೆ. ಅಕ್ಕಿಯ ಹಿಟ್ಟು ಸಂದುಗಳಿಗೆ ಸೇರುತ್ತದೆ, ಬೇಡ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಇಲ್ಲದಿದ್ದರೆ ಜೂನ್‌ನಲ್ಲಿ ಒಳಗಿಟ್ಟ ಲೆನ್ಸ್‌ಗೆ ಸೆಪ್ಟೆಂಬರ್ ಹೊತ್ತಿಗೆ ಫಂಗಸ್.

ಕೊನೆಯದಾಗಿ, ಯಾರಿಗೆ ತೋರಿಸಬೇಕು? ಜೊತೆಗೆ ಹಾರಿದವರ ಮುಖ ಇರುವ ವಿಡಿಯೊ ಹಾಕುವ ಮೊದಲು ಅವರನ್ನು ಕೇಳಿ. ಏರ್‌ಫೀಲ್ಡ್‌ನಲ್ಲಿ ತೆಗೆಯಲು ಒಪ್ಪಿಗೆ ಇದೆಯಾ ಎಂದು ಅಲ್ಲಿಯವರನ್ನು ಮೊದಲೇ ಕೇಳಿಕೊಳ್ಳಿ. ಯಾರಿಗಾದರೂ ಪೆಟ್ಟಾದ ಜಂಪ್ ನಿಮ್ಮ ಕ್ಯಾಮೆರಾದಲ್ಲಿ ಸಿಕ್ಕಿದ್ದರೆ ಒಂದು ಸೆಕೆಂಡನ್ನೂ ಕತ್ತರಿಸಬೇಡಿ, ಯಾರಿಗೂ ಫಾರ್ವರ್ಡ್ ಮಾಡಬೇಡಿ. ಕಾರ್ಡ್ ತೆಗೆದು ಅಲ್ಲಿನ ಮುಖ್ಯ ಇನ್‌ಸ್ಟ್ರಕ್ಟರ್ ಕೈಗೆ ಕೊಡಿ. ಮನೆಯವರಿಗೆ ಸುದ್ದಿ ಮುಟ್ಟುವ ಮೊದಲೇ ವಿಡಿಯೊ ಮುಟ್ಟಬಾರದು.

ಆ ಹುಡುಗ ಬೈಕ್ ಹೆಲ್ಮೆಟ್ ವಾಪಸ್ ತಗೊಂಡು ಹೋದ. ಕ್ಯಾಮೆರಾವನ್ನು ನನ್ನ ಸ್ಟೀಲ್ ಡಬ್ಬಿಯಲ್ಲಿ ಬಿಟ್ಟಿದ್ದಾನೆ, 200 ಜಂಪ್ ಆದ ಮೇಲೆ ಬಂದು ತಗೊಳ್ಳುತ್ತಾನಂತೆ.