ಪರಿಹಾರದ ದುಡ್ಡಿನ ಆಡಿಟ್: ವೋಚರ್ ಬಿಟ್ಟು ಅಕೌಂಟ್ ಹಿಡಿದ ನನ್ನ ಅನುಭವ

ಕೋವಿಡ್ ಆದ್ಮೇಲೆ ಸಣ್ಣ ಉದ್ದಿಮೆಗಳಿಗೆ ಕೊಟ್ಟ ಪರಿಹಾರಧನದ ಆಡಿಟ್ ನಂಗೆ ಬಂದಾಗ ಕೈಲಿದ್ದದ್ದು ಹತ್ತು ವಾರ, ಫೈಲು ಹೆಚ್ಚುಕಮ್ಮಿ ನಲವತ್ತು ಸಾವಿರ. ದೊಡ್ಡ ಮೊತ್ತದ ವೋಚರ್ ಮೊದಲು ನೋಡೋಣ ಅಂತ ಟೀಮಲ್ಲಿ ಎಲ್ರೂ. ಮೊತ್ತ ಬಿಡಿ, ದುಡ್ಡು ಹೋಗಿ ಸೇರಿದ ಅಕೌಂಟಿಂದ ಹಿಂದಕ್ಕೆ ಬರೋಣ ಅಂದೆ ನಾನು. ಅದು ಪೊಲೀಸರ ಕೆಲಸ, ನಮ್ದಲ್ಲ ಅಂದ್ರು.

ಮೊದಲ ಮೂರು ವಾರ ಏನೂ ಗಿಟ್ಟಲಿಲ್ಲ. ಸ್ಪೆಲಿಂಗ್ ಒಂದಕ್ಷರ ಆಚೀಚೆ ಇದ್ರೂ ಸಿಗ್ಲಿ ಅಂತ ಹೆಸರು ಮ್ಯಾಚ್ ಮಾಡೋದನ್ನ ಸಡಿಲ ಬಿಟ್ಟೆ, ಆರು ಸಾವಿರ ಡೂಪ್ಲಿಕೇಟ್ ಬಂತು, ಇನ್ನೂರು ತೆಗೆದು ನೋಡಿದ್ರೆ ನಿಜವಾದ್ದು ನಾಲ್ಕೋ ಐದೋ. ಆಮೇಲೆ ಬೆನ್‌ಫೋರ್ಡ್ ನಿಯಮ ಹಾಕ್ದೆ, ಅಂದ್ರೆ ಸಹಜವಾದ ಮೊತ್ತಗಳಲ್ಲಿ ಮೊದಲ ಅಂಕಿ ಯಾವುದು ಎಷ್ಟು ಸಲ ಬರುತ್ತೆ ಅಂತ ನೋಡೋ ಲೆಕ್ಕ. 1ರಿಂದ ಶುರುವಾಗೋ ಮೊತ್ತ ಸುಮಾರು 30% ಇರ್ಬೇಕಲ್ಲ, ಇಲ್ಲಿ 60 ದಾಟಿತ್ತು, ಸಿಕ್ಬಿಟ್ರು ಅನ್ಕೊಂಡೆ. ಆದ್ರೆ ಸ್ಕೀಮಲ್ಲೇ ಸ್ಲ್ಯಾಬ್ ಇತ್ತು, ಅಂದ್ರೆ ಇಂಥವರಿಗೆ ಇಷ್ಟೇ ಅಂತ ಮೊದಲೇ ನಿಗದಿಯಾದ ಮೊತ್ತ, ಮೇಲೊಂದು ಮಿತಿನೂ ಇತ್ತು, ಅಂಕಿ ಗುಂಪಾಗೋದು ಸಹಜ. ಸ್ಲ್ಯಾಬ್ ಇರೋ ಕಡೆ ಬೆನ್‌ಫೋರ್ಡ್ ಮುಟ್ಲೇಬೇಡಿ.

ನಾಲ್ಕನೇ ವಾರ ಅಕೌಂಟ್, ಫೋನ್ ನಂಬರ್, ಅರ್ಜಿ ಹಾಕಿದ ಟೈಮ್ ಈ ಮೂರನ್ನೇ ಇಟ್ಕೊಂಡು ಕೊಂಡಿ ಹಾಕ್ದೆ. ಯಾವುದಕ್ಕೆ ಎಷ್ಟು ತೂಕ ಕೊಟ್ಟೆ ಅಂತ ಮಾತ್ರ ಹೇಳಲ್ಲ, ಅದಕ್ಕೋಸ್ಕರ ಬಹಳ ರಾತ್ರಿ ನಿದ್ದೆಗೆಟ್ಟಿದೀನಿ. 19 ಉದ್ದಿಮೆ, ಒಂದೇ ಅಕೌಂಟ್, ಅರ್ಜಿ ಎಲ್ಲಾ ರಾತ್ರಿ ಎರಡರಿಂದ ಮೂರರ ಒಳಗೆ. ಬಾಡಿಗೆ ರಸೀದಿಗಳನ್ನ ಪಕ್ಕಪಕ್ಕ ಇಟ್ರೆ ಎಲ್ಲದ್ರಲ್ಲೂ ಸೀಲಿನ ಬಲ ಅಂಚು ಒಂದೇ ಜಾಗದಲ್ಲಿ ಮುಕ್ಕಾಗಿತ್ತು! ಒಂದೊಂದೂ ಸಣ್ಣ ಮೊತ್ತ, ವೋಚರ್ ದಾರೀಲಿ ಹೋಗಿದ್ರೆ ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ. ಅಮೆರಿಕದಲ್ಲೂ ಕೋವಿಡ್ ಪರಿಹಾರದ ದುಡ್ಡಿನ ಮೇಲೆ ಕಣ್ಣಿಡೋ ಸರ್ಕಾರಿ ಸಮಿತಿ, ಪ್ಯಾಂಡೆಮಿಕ್ ರೆಸ್ಪಾನ್ಸ್ ಅಕೌಂಟಬಿಲಿಟಿ ಕಮಿಟಿ, ನಂಬರ್ ತಾಳೆ ನೋಡಿಯೇ 69,000ಕ್ಕೂ ಹೆಚ್ಚು ಅನುಮಾನದ ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿನ ಜನರ ಗುರುತಿನ ಸಂಖ್ಯೆ) ಹಿಡೀತು, ಅವುಗಳ ಮೇಲೆ ಹೋಗಿದ್ದ ದುಡ್ಡು 5.4 ಬಿಲಿಯನ್ ಡಾಲರ್, 2023ರಲ್ಲಿ ಹೇಳಿದ್ದು.

ಒಂದೇ ಅಕೌಂಟ್ ಅಂದ ತಕ್ಷಣ ಕಳ್ಳತನ ಅಂತ ಬರೀಬೇಡಿ. ಒಂದು ಗುಂಪಲ್ಲಿ ಹದಿನಾಲ್ಕು ಜನರ ದುಡ್ಡು ಅವರ ಸಂಘದ ಅಕೌಂಟಿಗೆ ಬಂದು ಎಲ್ರಿಗೂ ಸರಿಯಾಗಿ ಹಂಚಿಕೆಯಾಗಿತ್ತು, ಸಹಿ ಸಮೇತ ಪುಸ್ತಕ ಇತ್ತು. ಫೋನ್ ಮಾಡದೆ ವರದಿಗೆ ಹಾಕಿದ್ರೆ ಪಾಪ, ಕಷ್ಟದಲ್ಲಿರೋರ ಮುಂದಿನ ಕಂತು ನಿಂತೋಗ್ತಿತ್ತು.

ಮಧ್ಯೆ ಕರೆಂಟ್ ಬಿಲ್ಲನ್ನ ಅರ್ಜಿದಾರರು ತೋರಿಸಿದ ವಹಿವಾಟಿಗೆ ಹೋಲಿಸಿ ನೋಡ್ದೆ. ವರ್ಕ್‌ಶಾಪ್‌ಗಳಿಗೆ ಚೆನ್ನಾಗಿ ಕೂತ್ಕೊಳ್ತು, ಅಂಗಡಿಗಳಿಗೆ ಏನೂ ಹೇಳಲಿಲ್ಲ, ಬಿಟ್ಟೆ.

ಆಡಿಟ್ ಖರ್ಚಿನ ಹನ್ನೊಂದು ಪಟ್ಟು ಮೊತ್ತಕ್ಕೆ ವಸೂಲಿ ನೋಟಿಸ್ ಹೋಯ್ತು, ವಾಪಸ್ ಬಂದಿರೋದು ಅದ್ರಲ್ಲಿ ಮೂರನೇ ಒಂದು ಭಾಗ ಇರ್ಬೇಕು. ಎರಡನೇ ಕಂತಿನ ಡೇಟಾ ಹೋದ ವಾರ ಬಂತು, ಅಕೌಂಟ್ ಪಟ್ಟಿ ಮೊದ್ಲು ತೆಗೀರಿ ಅಂತ ಈ ಸಲ ಟೀಮಿನವರೇ ಹೇಳಿದ್ರು.