ಪ್ರೆಸ್ಟನ್‌ನ ಹಳೇ ಆಟಗಾರರ ಪಟ್ಟಿ: ನಾನು ಲೆಕ್ಕ ತಾಳೆ ಹಾಕಿದ ಬಗೆ

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಪ್ರೆಸ್ಟನ್ ನಾರ್ತ್ ಎಂಡ್‌ನ ಹಳೇ ಆಟಗಾರರ ಪಟ್ಟಿಯನ್ನು ನಾನು ಹೆಸರುಗಳಿಂದ ಶುರುಮಾಡಲಿಲ್ಲ, ಪಂದ್ಯಗಳಿಂದ ಶುರುಮಾಡಿದೆ. ಎಕ್ಸೆಲ್‌ನಲ್ಲಿ ಪಂದ್ಯಕ್ಕೊಂದು ಸಾಲು, ಆಡಿದ ಹನ್ನೊಂದು ಜನಕ್ಕೆ ಹನ್ನೊಂದು ಕಾಲಂ. ಯಾರು ಎಷ್ಟು ಆಡಿದರು ಅನ್ನುವುದು ಆ ಹಾಳೆಯಿಂದಲೇ ಎಣಿಕೆಯಾಗಿ ಬರಬೇಕು. ಕೈಯಲ್ಲಿ ತುಂಬಿದರೆ ಕೆಟ್ಟಿತು.

ಹೀಗೆ ಮಾಡಿದರೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. 1888–89ರ ಮೊದಲ ಲೀಗ್‌ನಲ್ಲಿ ಪ್ರೆಸ್ಟನ್ 22 ಪಂದ್ಯ ಆಡಿ ಒಂದನ್ನೂ ಸೋಲಲಿಲ್ಲ. 22ನ್ನು 11ರಿಂದ ಗುಣಿಸಿದರೆ 242. ಎಲ್ಲ ಆಟಗಾರರ ಮೊತ್ತ ಅಷ್ಟೇ ಬರಬೇಕು. ಗೋಲು 74. ಎದುರಾಳಿ ತನ್ನ ಬಲೆಗೇ ಹೊಡೆದುಕೊಂಡ ಗೋಲಿಗೆ ಬೇರೆ ಸಾಲು ಇಡದಿದ್ದರೆ ಈ ಲೆಕ್ಕ ಕೂಡುವುದಿಲ್ಲ. ಆದರೆ ಒಬ್ಬನ ಪಂದ್ಯ ಇನ್ನೊಬ್ಬನ ಖಾತೆಗೆ ಬಿದ್ದರೆ ಮೊತ್ತ ಸರಿಯಾಗಿಯೇ ಕಾಣುತ್ತದೆ. ಇಲ್ಲಿ ಕಾಡುವವರು ರಾಸ್ ಸಹೋದರರು, ನಿಕ್ ಮತ್ತು ಜಿಮ್ಮಿ. ನಿಕ್ ರಾಸ್ ಆ ಒಂದು ಋತು ಎವರ್ಟನ್ ಎಂಬ ಇನ್ನೊಂದು ಕ್ಲಬ್‌ನಲ್ಲಿದ್ದ, ಹಾಗಾಗಿ ಬರೀ 'ರಾಸ್' ಅಂತಿದ್ದರೆ ಅದು ಜಿಮ್ಮಿ. ಮರುವರ್ಷ ನಿಕ್ ವಾಪಸಾದ. ಅಲ್ಲಿಂದ ಇನಿಷಿಯಲ್ ಇಲ್ಲದ ರಾಸ್‌ನನ್ನು ಯಾರ ಖಾತೆಗೂ ಹಾಕಬೇಡಿ.

ಯಾವ ಪಂದ್ಯ ಲೆಕ್ಕಕ್ಕೆ ಅನ್ನುವುದು ಮೊದಲೇ ತೀರ್ಮಾನವಾಗಬೇಕು. ಪ್ರೆಸ್ಟನ್ ಆಟಗಾರ ಟಾಮ್ ಫಿನ್ನಿಯ ಹೆಸರಿನ 433 ಪಂದ್ಯ, 187 ಗೋಲು ಲೀಗ್‌ನವು ಮಾತ್ರ. ಆತ ಆಡಿದ 1941ರ ಯುದ್ಧಕಾಲದ ಕಪ್ ಫೈನಲ್ ಅದರಲ್ಲಿಲ್ಲ. 1939–40ರ ಋತು ಯುದ್ಧದಿಂದಾಗಿ ಮೂರು ಸುತ್ತಿಗೇ ನಿಂತು ದಾಖಲೆಯಿಂದಲೇ ಅಳಿದುಹೋಯಿತು. ಅದಕ್ಕೆ ಬೇರೆ ಹಾಳೆ ಇಟ್ಟೆ. ಲೀಗ್ ಕಾಲಂ ಒಂದೇ ಇಟ್ಟರೆ ಗೋಲ್‌ಕೀಪರ್ ಆರ್ಥರ್ ವಾರ್ಟನ್ ಪಟ್ಟಿಯಲ್ಲೇ ಇರುವುದಿಲ್ಲ, ಏಕೆಂದರೆ ಆತ ಪ್ರೆಸ್ಟನ್‌ಗೆ ಎಫ್‌ಎ ಕಪ್ (ಲೀಗ್‌ನಿಂದ ಬೇರೆಯಾದ, ಸೋತವರು ಹೊರಬೀಳುವ ಟೂರ್ನಿ) ಆಡಿದ್ದು ಲೀಗ್ ಹುಟ್ಟುವ ಮೊದಲು. ಅಂಥವನನ್ನು ಬಿಟ್ಟ ಪಟ್ಟಿ ನನಗೆ ಬೇಡ. ಬದಲಿ ಆಟಗಾರರು ಬಂದದ್ದು 1965–66ರಿಂದ. ಅಲ್ಲಿಂದಾಚೆ ಎರಡು ಅಂಕಿ ಬೇಕು: ಶುರುವಿನಿಂದ ಆಡಿದ್ದು, ಬದಲಿಯಾಗಿ ಇಳಿದದ್ದು. 1995ರಲ್ಲಿ ಎರವಲು ಬಂದ ಡೇವಿಡ್ ಬೆಕಮ್‌ನದು 4+1. ಬೆಂಚಿನಲ್ಲೇ ಕೂತು ಎದ್ದುಹೋದವರನ್ನು ಎಣಿಸಬಾರದು.

ತಂಡದ ಹೆಸರುಗಳಿಗೆ ಹಳೇ ಪತ್ರಿಕೆಗಳೇ ಗತಿ. ಪಂದ್ಯದ ದಿನ ಬೆಳಗ್ಗೆ ಅಚ್ಚಾದದ್ದು ಆಡಬಹುದಾದ ತಂಡ, ಆಡಿದ ತಂಡವಲ್ಲ. ನಾನು ಪಂದ್ಯ ಮುಗಿದ ಮೇಲಿನ ಸೋಮವಾರದ ವರದಿಯನ್ನು ಹಿಡಿದು, ಎದುರಾಳಿ ಊರಿನ ಪತ್ರಿಕೆಯ ಜತೆ ಹೋಲಿಸುತ್ತೇನೆ. 1939ಕ್ಕೆ ಮುಂಚೆ ಲೀಗ್‌ನಲ್ಲಿ ಬೆನ್ನಿನ ನಂಬರ್ ಕಡ್ಡಾಯವಿರಲಿಲ್ಲ. ಗೋಲ್‌ಕೀಪರ್, ಬ್ಯಾಕ್‌ಗಳು, ಹಾಫ್‌ಬ್ಯಾಕ್‌ಗಳು, ಫಾರ್ವರ್ಡ್‌ಗಳು ಎಂಬ ಕ್ರಮವೇ ಸ್ಥಾನ ಹೇಳುತ್ತದೆ. ಡಿಜಿಟಲ್ ಸಂಗ್ರಹದಲ್ಲಿ 'ಟ್ರೇನರ್' ಎಂಬ ಹೆಸರಿನ ಗೋಲ್‌ಕೀಪರನನ್ನು ಹುಡುಕಿದರೆ ತರಬೇತುದಾರರೆಲ್ಲ ಸಾಲಾಗಿ ಬರುತ್ತಾರೆ! ಪಕ್ಕದ ಹೆಸರು ಸೇರಿಸಿ 'ಟ್ರೇನರ್, ಹೊವಾರ್ತ್' ಎಂದು ಹುಡುಕಿದರೆ ತಂಡವೇ ಸಿಗುತ್ತದೆ.

ಹುಟ್ಟಿದ ದಿನದ್ದು ಇನ್ನೊಂದು ತಕರಾರು. ಇಂಗ್ಲೆಂಡಿನ ಜನನ ಸೂಚಿ 1983ರವರೆಗೆ ಮೂರು ತಿಂಗಳಿಗೊಂದು ಇತ್ತು, ಅದೂ ನೋಂದಣಿಯಾದ ದಿನದ ಪ್ರಕಾರ. ನೋಂದಾಯಿಸಲು 42 ದಿನ ಅವಕಾಶವಿರುವುದರಿಂದ ಮಾರ್ಚಿಯಲ್ಲಿ ಹುಟ್ಟಿದವನು ಜೂನ್ ಕಂತಿನಲ್ಲಿ ಸಿಗಬಹುದು. ಮೊದಲ ದಶಕಗಳ ಪ್ರೆಸ್ಟನ್ ತಂಡದಲ್ಲಿ ಸ್ಕಾಟ್‌ಲೆಂಡಿನವರು ಬಹಳ. ಅವರ ನೋಂದಣಿ ಪುಸ್ತಕವೇ ಬೇರೆ, 1855ರಿಂದ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಜನಗಣತಿ ಬೆಂಕಿಗೆ ಹೋಗಿದೆ, 1941ರದು ನಡೆಯಲೇ ಇಲ್ಲ. ಆ ಕಂದಕ ದಾಟಲು 1939ರ ಸೆಪ್ಟೆಂಬರ್ 29ರಂದು ಸರ್ಕಾರ ಜನರ ವಿವರ ಬರೆಸಿಕೊಂಡ ರಿಜಿಸ್ಟರ್ ಒಂದೇ ಆಸರೆ: ಹುಟ್ಟಿದ ದಿನ, ಉದ್ಯೋಗ ಎರಡೂ ಅದರಲ್ಲಿವೆ.

ಕನ್ನಡದಲ್ಲಿ ಪಟ್ಟಿ ಮಾಡುವವರಿಗೆ ಒಂದು ಮಾತು. ನಡುವೆ 'ಪಿ' ಇರುವ ಥಾಮ್ಸನ್, ಇಲ್ಲದ ಥಾಮ್ಸನ್ ನಮ್ಮ ಲಿಪಿಯಲ್ಲಿ ಒಂದೇ ಆಗಿಬಿಡುತ್ತಾರೆ. ಮೂಲ ಇಂಗ್ಲಿಷ್ ಸ್ಪೆಲ್ಲಿಂಗ್‌ಗೆ ಒಂದು ಕಾಲಂ ಇಟ್ಟು, ಎಣಿಕೆಯನ್ನು ಅದರ ಮೇಲೆಯೇ ನಡೆಸಿ.