ಹೂಂಗುಟ್ಟೋರು ಎದುರಿಗಿರಲಿ: ಮನೆಯಲ್ಲೇ ಮಕ್ಕಳ ಆಡಿಯೋ ಕತೆ ಮಾಡುವುದು ಹೇಗೆ?

ಮಕ್ಕಳ ಕೈಗೆ ಮೊಬೈಲ್ ಕೊಡದೆ ಕತೆ ಕೇಳಿಸಬೇಕು ಎನ್ನುವವರಿಗೆ ಆಡಿಯೋ ಕತೆ ಒಳ್ಳೆಯ ದಾರಿ. ಊಟ ಮಾಡುತ್ತಾ ಕೇಳಬಹುದು, ಕಾರಿನಲ್ಲಿ ಕೇಳಬಹುದು, ದೀಪ ಆರಿಸಿ ಮಲಗಿಕೊಂಡೂ ಕೇಳಬಹುದು. ಕನ್ನಡದಲ್ಲಿ ಇಂಥ ಕತೆಗಳು ಸಿಗುವುದಿಲ್ಲ ಅಂತಲ್ಲ. ಆದರೆ ಬಹಳಷ್ಟು ಕಡೆ ಒಂದೇ ಪಾಕ. ಕೀಚಲು ದನಿಯ ಇಲಿ, ಗಡಸು ದನಿಯ ಹುಲಿ, ಹಿಂದೆ ಒಂದು ಕ್ಷಣವೂ ನಿಲ್ಲದ ಕೀಬೋರ್ಡ್, ಕೊನೆಗೆ ‘ಈ ಕತೆಯ ನೀತಿ ಏನೆಂದರೆ…’. ನಿಮ್ಮ ಮನೆಯಲ್ಲಿ ಕತೆ ಹೇಳಬಲ್ಲ ಅಜ್ಜಿಯೋ ಅಜ್ಜನೋ ಸೋದರತ್ತೆಯೋ ಇದ್ದರೆ ಇದಕ್ಕಿಂತ ಚೆನ್ನಾಗಿ ನೀವೇ ಮಾಡಬಹುದು.

ಮನೆಯಿಂದ ಮಾಡಿದ್ದು ನಡೆಯುತ್ತಾ ಎಂಬ ಅನುಮಾನ ಬೇಡ. ಮೈಸೂರಿನ ‘ಆಕಾಶವಾಣಿ’ ಶುರುವಾದದ್ದೇ ಮನೆಯಲ್ಲಿ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ನಿಮಗೆ ಅಷ್ಟೂ ಬೇಡ. ಒಂದು ಫೋನು, ಒಂದು ಇಯರ್‌ಫೋನು, ಒಂದು ಸಾಧಾರಣ ಕಂಪ್ಯೂಟರ್ ಸಾಕು. ಮೈಕ್ ಕೊಳ್ಳುವ ಮಾತು ಹತ್ತು ಕತೆ ಆದಮೇಲೆ.

ಕತೆ ಆರಿಸುವುದು

ಮೊದಲ ಸಲಕ್ಕೆ ಮನೆಯವರೆಲ್ಲರಿಗೂ ಬಾಯಿಗೆ ಬರುವ ಕತೆಯೇ ಇರಲಿ. ಕಾಗಕ್ಕ ಗುಬ್ಬಕ್ಕನ ಕತೆಯನ್ನೇ ತೆಗೆದುಕೊಳ್ಳೋಣ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆಗೆ ಸಗಣಿ ಮನೆ ಕರಗಿಹೋಗುತ್ತದೆ. ಕಾಗಕ್ಕ ಬಂದು ಬಾಗಿಲು ಬಡಿಯುತ್ತಾಳೆ. ‘ತಾಳು, ಮಗೂಗೆ ನೀರು ಹಾಕ್ತಿದೀನಿ’, ‘ತಾಳು, ಮಗೂಗೆ ಕಾಡಿಗೆ ಹಚ್ತಿದೀನಿ’, ‘ತಾಳು, ತೊಟ್ಟಿಲು ತೂಗ್ತಿದೀನಿ’ ಎಂದು ಗುಬ್ಬಕ್ಕ ಒಳಗಿನಿಂದಲೇ ಹೇಳುತ್ತಾಳೆ. ಮುಂದಿನದು ಊರಿಗೊಂದು ರೀತಿ.

ಈ ಕತೆ ಕಿವಿಗೆಂದೇ ಹುಟ್ಟಿದ್ದು. ಪಾತ್ರ ಎರಡೇ. ಬಾಗಿಲು ಬಡಿಯುವ ಸದ್ದು ಮತ್ತೆ ಮತ್ತೆ ಬರುತ್ತದೆ. ಮೂರನೇ ಸಲಕ್ಕೆ ಮಗುವೇ ‘ತಾಳು’ ಅನ್ನುತ್ತದೆ. ಹೀಗೆ ಒಂದು ಸಾಲು ಮರುಕಳಿಸುವ ಕತೆಗಳನ್ನೇ ಹುಡುಕಿ. ಆರೇಳು ರಾಜಕುಮಾರರು, ಮೂರು ಊರು, ನಡುವೆ ಒಂದು ಶಾಪ ಇರುವ ಕತೆಯನ್ನು ಪುಸ್ತಕದಲ್ಲಿ ಓದಬಹುದು, ಕಿವಿಯಲ್ಲಿ ಹಿಡಿದಿಡುವುದು ಕಷ್ಟ.

ಉದ್ದ ಎಷ್ಟಿರಬೇಕು? ಮೂರು ನಾಲ್ಕು ವರ್ಷದವರಿಗೆ ಐದು ನಿಮಿಷ ಜಾಸ್ತಿಯೇ. ಶಾಲೆಗೆ ಹೋಗುವವರಿಗೆ ಹತ್ತು ನಿಮಿಷ. ಮನೆಮಂದಿಯೆಲ್ಲ ಕಾರಿನಲ್ಲಿ ಕೇಳುವುದಾದರೆ ಹದಿನೈದರವರೆಗೆ ಎಳೆಯಬಹುದು.

ಕತೆಯಲ್ಲಿ ಕಲಿಕೆಯೂ ಇರಲಿ ಅನ್ನುವವರು ಒಂದೇ ಒಂದು ವಿಷಯ ಇಟ್ಟುಕೊಳ್ಳಿ, ಅದನ್ನೂ ಕತೆಯ ಒಳಗೇ ಇಡಿ. ಸಗಣಿ ಗೋಡೆ ಬಿಸಿಲಿಗೆ ಗಟ್ಟಿ, ಮಳೆಗೆ ಮೆತ್ತಗೆ ಎಂಬುದು ಕಾಗಕ್ಕನ ಬಾಯಲ್ಲೇ ಬರಲಿ: ‘ಬೇಸಿಗೇಲಿ ಎಷ್ಟು ಗಟ್ಟಿ ಇತ್ತು ಗೊತ್ತಾ!’ ದೊಡ್ಡ ಮಕ್ಕಳಿಗೆ ನಿಜವಾಗಿ ನಡೆದದ್ದನ್ನೇ ಕತೆ ಮಾಡಬಹುದು. ಮೇಲೆ ಹೇಳಿದ ಗೋಪಾಲಸ್ವಾಮಿಯವರ ರೇಡಿಯೋ ಇದೆಯಲ್ಲ, ಅದನ್ನು ‘1935ರಲ್ಲಿ ಸ್ಥಾಪನೆಯಾಯಿತು’ ಎಂದು ಆರಂಭಿಸಿದರೆ ಮಗು ಎದ್ದು ಹೋಗುತ್ತದೆ. ‘ಮೈಸೂರಲ್ಲಿ ಒಬ್ಬ ಮೇಷ್ಟ್ರಿದ್ರು. ಅವರ ಮನೇಲಿ ಆಡಿದ ಮಾತು ಬೇರೆಯವರ ಮನೇಲಿ ಕೇಳಿಸ್ತಿತ್ತು’ ಎಂದರೆ ‘ಹೇಗೆ?’ ಎಂದು ಅದೇ ಕೇಳುತ್ತದೆ.

ಯಾರ ಕತೆ, ಯಾರ ಹಕ್ಕು

ಮನೆಯೊಳಗೆ ಕೇಳಿಸಲು ತಲೆ ಕೆಡಿಸಿಕೊಳ್ಳಬೇಕಿಲ್ಲ. ಯೂಟ್ಯೂಬಿಗೋ ಪಾಡ್‌ಕಾಸ್ಟಿಗೋ ಹಾಕುವ ಯೋಚನೆಯಿದ್ದರೆ ಮೊದಲೇ ನೋಡಿಕೊಳ್ಳಿ. ನಮ್ಮ ದೇಶದಲ್ಲಿ ಕೃತಿಯ ಹಕ್ಕು ಲೇಖಕರು ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ, ಆ ಲೆಕ್ಕ ಮರುವರ್ಷದ ಜನವರಿಯಿಂದ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಅವರು ಬರೆದದ್ದನ್ನು ಈಗ ಯಾರು ಬೇಕಾದರೂ ಓದಿ ಹಾಕಬಹುದು. ಆದರೆ ಎಲ್ಲರಿಗೂ ಮೊದಲು ನೆನಪಾಗುವುದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’, ಅಲ್ವಾ? ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054ರ ಕೊನೆಯವರೆಗೆ ಅನುಮತಿ ಬೇಕು. ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳಿಗೆ 2039ರ ಕೊನೆಯವರೆಗೆ.

ಜನಪದ ಕತೆ ಯಾರ ಸ್ವತ್ತೂ ಅಲ್ಲ. ಆದರೆ ಒಬ್ಬ ಲೇಖಕರು ಅದನ್ನು ತಮ್ಮ ಮಾತಿನಲ್ಲಿ ಬರೆದ ಪುಸ್ತಕವನ್ನು ಹಾಗೇ ಓದಿದರೆ ಅದು ಅವರದ್ದು. ನಿಮ್ಮ ಅಜ್ಜಿ ಹೇಳಿದ ಹಾಗೆ ಹೇಳಿದರೆ ತಕರಾರಿಲ್ಲ. ಹೊಸ ಕತೆಗಳೇ ಬೇಕೆಂದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣ ನೋಡಿ. ಅಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಸಾಕಷ್ಟಿವೆ. ಕ್ರಿಯೇಟಿವ್ ಕಾಮನ್ಸ್ ಸಿಸಿ ಬೈ 4.0 ಪರವಾನಗಿಯಲ್ಲಿರುವ ಕತೆಗಳನ್ನು ಆಡಿಯೋ ಮಾಡಬಹುದು, ಬದಲಿಸಿಕೊಳ್ಳಲೂಬಹುದು. ಬರೆದವರು, ಅನುವಾದ ಮಾಡಿದವರು, ಪರವಾನಗಿ, ನೀವು ಬದಲಿಸಿದ್ದು ಇವಿಷ್ಟನ್ನು ತಿಳಿಸಬೇಕು. ಆಡಿಯೋದ ಕೊನೆಯಲ್ಲಿ ಎರಡು ವಾಕ್ಯ ಸಾಕು.

ಬರೆದುಕೊಳ್ಳುವುದು, ಬರೆಯದೇ ಇರುವುದು

ಕತೆ ಹೇಳಿ ರೂಢಿ ಇರುವವರಿಗೆ ಕಾಗದ ಕೊಡಲೇಬೇಡಿ. ಕೊಟ್ಟರೆ ಓದಲು ಶುರುಮಾಡುತ್ತಾರೆ. ದನಿ ಶಾಲೆಯ ಪಾಠದ ದನಿಯಾಗುತ್ತದೆ. ಒಂದು ಚೀಟಿಯಲ್ಲಿ ‘ಮಳೆ, ಬಾಗಿಲು, ನೀರು, ಕಾಡಿಗೆ, ತೊಟ್ಟಿಲು’ ಎಂದು ಬರೆದಿಟ್ಟರೆ ದಾರಿ ತಪ್ಪುವುದಿಲ್ಲ.

ರೂಢಿ ಇಲ್ಲದವರು ಬರೆದುಕೊಳ್ಳಿ, ಆದರೆ ಆಡುವ ಹಾಗೆಯೇ ಬರೆದುಕೊಳ್ಳಿ. ಧಾರವಾಡದ ಮನೆಯ ಕಾಗಕ್ಕ ‘ಬಾಗಲಾ ತಗೀಯವ್ವಾ’ ಅನ್ನಲಿ, ಮಂಗಳೂರಿನವಳು ‘ಬಾಗಿಲು ತೆಗಿ ಮಾರಾಯ್ತಿ’ ಅನ್ನಲಿ. ಪುಸ್ತಕದ ಕನ್ನಡವನ್ನು ಮಗು ಶಾಲೆಯಲ್ಲಿ ಹೇಗೂ ಕಲಿಯುತ್ತದೆ. ಮನೆಯ ಕನ್ನಡ ಸಿಗುವುದು ಮನೆಯಲ್ಲಿ ಮಾತ್ರ. ಡಲ್ಲಾಸಿನಲ್ಲೋ ದುಬೈಯಲ್ಲೋ ಬೆಳೆಯುತ್ತಿರುವ ಮೊಮ್ಮಕ್ಕಳಿಗೆ ಕಳಿಸುವುದಾದರಂತೂ ಇದನ್ನು ಬಿಟ್ಟುಕೊಡಬೇಡಿ.

‘ಅವಳು ಅವಳಿಗೆ ಹೇಳಿದಳು’ ಎಂದರೆ ಕಿವಿಗೆ ಏನೂ ತಿಳಿಯುವುದಿಲ್ಲ. ಹೆಸರು ಹೇಳಿ, ಮತ್ತೆ ಮತ್ತೆ ಹೇಳಿ. ಪಾತ್ರಕ್ಕೊಂದು ದನಿ ಮಾಡಲು ಹೋಗಿ ಗಂಟಲು ಹಿಂಡಿಕೊಳ್ಳುವವರೂ ಇದ್ದಾರೆ. ಅದು ಬೇಡ, ವೇಗ ಬದಲಿಸಿದರೆ ಸಾಕು. ಮಳೆಯಲ್ಲಿ ನೆನೆದ ಕಾಗಕ್ಕ ಗಡಿಬಿಡಿಯಲ್ಲಿ ಮಾತಾಡುತ್ತಾಳೆ, ಬೆಚ್ಚಗೆ ಒಳಗಿರುವ ಗುಬ್ಬಕ್ಕನಿಗೆ ಅವಸರವೇ ಇಲ್ಲ.

ಜಾಗ ಮತ್ತು ಹೊತ್ತು

ಕೆಟ್ಟ ರೆಕಾರ್ಡಿಂಗ್‌ಗೆ ಹೆಚ್ಚಿನ ಸಲ ಕಾರಣ ಫೋನ್ ಅಲ್ಲ, ಕೋಣೆ. ಖಾಲಿ ಗೋಡೆ, ಟೈಲ್ಸ್ ನೆಲ ಇರುವ ಹಾಲ್‌ನಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಪ್ರತಿ ಕೋಣೆಯಲ್ಲೂ ನಿಂತು ಒಮ್ಮೆ ಚಪ್ಪಾಳೆ ಹೊಡೆದು ನೋಡಿ. ‘ಟಣ್’ ಎಂದು ಬಾಲ ಎಳೆದರೆ ಆ ಕೋಣೆ ಬೇಡ. ಹಾಸಿಗೆ, ದಿಂಬು, ಪರದೆ, ಬಟ್ಟೆ ತುಂಬಿದ ಬೀರು ಇರುವ ಮಲಗುವ ಕೋಣೆ ಒಳ್ಳೆಯದು. ಬೀರುವಿನ ಬಾಗಿಲು ತೆರೆದಿಟ್ಟು ಅದರ ಕಡೆ ಮುಖ ಮಾಡಿ ಕೂತರೆ ಇನ್ನೂ ಒಳ್ಳೆಯದು.

ಫ್ಯಾನ್ ಆರಿಸಿ. ಪಕ್ಕದಲ್ಲಿ ಫ್ರಿಜ್, ಯುಪಿಎಸ್ ಇರದ ಹಾಗೆ ನೋಡಿಕೊಳ್ಳಿ. ಅವುಗಳ ಗುಂಯ್‌ಗುಡುವಿಕೆ ನಮಗೆ ರೂಢಿಯಾಗಿರುತ್ತದೆ, ಮೈಕ್‌ಗೆ ಆಗಿರುವುದಿಲ್ಲ. ಕುಕ್ಕರ್ ಕೂಗುವ ಹೊತ್ತು, ಹಾಲಿನವರು ಬರುವ ಹೊತ್ತು ಬಿಟ್ಟುಬಿಡಿ. ರಾತ್ರಿ ಊಟ ಮುಗಿದ ಮೇಲೆ ಪ್ರಶಸ್ತ. ಕತೆಯ ಹೊತ್ತೂ ಅದೇ ತಾನೆ. ಮಲೆನಾಡಿನವರು, ಕರಾವಳಿಯವರು ಮಳೆಗಾಲದಲ್ಲಿ ಹೆಂಚಿನ ಮೇಲಿನ ಸದ್ದನ್ನು ತಪ್ಪಿಸಲಾರರು. ಅಂಥ ದಿನ ಮಳೆಯ ಕತೆಯನ್ನೇ ಹೇಳಿ.

ರೆಕಾರ್ಡ್ ಮಾಡುವುದು

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಹೆಚ್ಚಿನ ಫೋನ್‌ಗಳಲ್ಲಿ ಮುಖ್ಯ ಮೈಕ್ ಕೆಳತುದಿಯಲ್ಲಿರುತ್ತದೆ. ಬೆರಳಾಗಲಿ ಕವರಾಗಲಿ ಅದನ್ನು ಮುಚ್ಚಬಾರದು. ಕೈಯಲ್ಲಿ ಹಿಡಿದರೆ ಬಳೆಯ ಸದ್ದು, ಉಜ್ಜುವ ಸದ್ದು ಎಲ್ಲ ಸೇರುತ್ತದೆ. ಮಡಚಿದ ಟವೆಲ್ ಮೇಲೆ ಇಡಿ. ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ತುಸು ಪಕ್ಕಕ್ಕೆ. ಕನ್ನಡದಲ್ಲಿ ಮಹಾಪ್ರಾಣ ಬಂದಾಗ ಉಸಿರು ಜೋರಾಗಿ ಹೊರಬೀಳುತ್ತದೆ. ‘ಭೀಮ’, ‘ಧೊಪ್’, ‘ಫಳಫಳ’ ಎನ್ನುವಾಗ ಮೈಕ್ ಎದುರಿಗಿದ್ದರೆ ಗಾಳಿ ‘ಬುಸ್’ ಎಂದು ಬಡಿಯುತ್ತದೆ. ಪಕ್ಕಕ್ಕಿದ್ದರೆ ಆ ತೊಂದರೆ ಕಡಿಮೆ.

ಆ್ಯಪ್‌ನಲ್ಲಿ ವೇವ್ (WAV) ಮಾದರಿ ಇದ್ದರೆ ಅದನ್ನೇ ಆರಿಸಿ: 44.1 ಕಿಲೋಹರ್ಟ್ಸ್, ಮೋನೋ. ನಿಮಿಷಕ್ಕೆ ಸುಮಾರು 5 ಎಂಬಿ ಆಗುತ್ತದೆ, ಆಗಲಿ. ಮೊದಲು ಅರ್ಧ ನಿಮಿಷ ಮಾತಾಡಿ ಇಯರ್‌ಫೋನ್‌ನಲ್ಲಿ ಕೇಳಿ. ಸರಿಯಿದ್ದರೆ ರೆಕಾರ್ಡ್ ಒತ್ತಿ, ಹತ್ತು ಸೆಕೆಂಡ್ ಎಲ್ಲರೂ ಸುಮ್ನೆ ಕೂತಿರಿ. ಈ ಮೌನ ಮುಂದೆ ಬೇಕಾಗುತ್ತದೆ.

ಈಗ ಮುಖ್ಯ ವಿಷಯ. ಎದುರಿಗೆ ಒಂದು ಮಗುವನ್ನು ಕೂರಿಸಿ. ಫೋನಿಗೆ ಕತೆ ಹೇಳಲು ಯಾರಿಗೂ ಬರುವುದಿಲ್ಲ. ದನಿ ಒಂದೋ ಸಪ್ಪೆಯಾಗುತ್ತದೆ, ಇಲ್ಲವೋ ಭಾಷಣವಾಗುತ್ತದೆ. ಎದುರಿಗೆ ಹೂಂಗುಟ್ಟುವವರಿದ್ದರೆ ಹೇಳುವವರ ಕಣ್ಣು ಅಲ್ಲಿರುತ್ತದೆ. ಮಗು ಹೆದರಿದರೆ ದನಿ ತಾನಾಗಿ ಇಳಿಯುತ್ತದೆ, ಹೂಂಗುಟ್ಟುವುದು ನಿಂತರೆ ಕತೆ ತಾನಾಗಿ ಓಡುತ್ತದೆ. ‘ಗುಬ್ಬಕ್ಕ ಯಾಕೆ ಬಾಗಿಲು ತೆಗೀಲಿಲ್ಲ?’ ಎಂದು ನಡುವೆ ಕೇಳಿದರೆ ಬಾಯಿ ಮುಚ್ಚಿಸಬೇಡಿ. ಅಜ್ಜಿ ಅದಕ್ಕೆ ಕೊಡುವ ಉತ್ತರವೇ ಕತೆಯ ಅತ್ಯುತ್ತಮ ಭಾಗವಾಗಬಹುದು. ಮಗು ಮನೆಯಲ್ಲಿಲ್ಲ, ವಿದೇಶದಲ್ಲಿದೆ ಎನ್ನುವವರು ಪಕ್ಕದ ಮನೆಯ ಮಗುವನ್ನು ಕರೆಯಿರಿ. ಯಾರೂ ಸಿಗದಿದ್ದರೆ ನೀವೇ ಕೂತು ‘ಹೂಂ’ ಅನ್ನಿ.

ತಪ್ಪಿದರೆ ನಿಲ್ಲಿಸಬೇಡಿ. ಒಂದು ಚಪ್ಪಾಳೆ ಹೊಡೆದು, ಆ ವಾಕ್ಯವನ್ನು ಮೊದಲಿಂದ ಹೇಳಿ. ಕಂಪ್ಯೂಟರ್‌ನಲ್ಲಿ ದನಿಯ ಗೆರೆ ನೋಡುವಾಗ ಚಪ್ಪಾಳೆ ಉದ್ದ ಕಡ್ಡಿಯಂತೆ ಎದ್ದು ಕಾಣುತ್ತದೆ, ಕತ್ತರಿಸಲು ಸುಲಭ.

ಸದ್ದುಗಳು

ಎಲ್ಲದಕ್ಕೂ ಸದ್ದು ಸೇರಿಸಬೇಕಿಲ್ಲ. ‘ಮಳೆ ಧೋ ಅಂತ ಸುರೀತು’ ಎಂದರೆ ಮಳೆ ಬಂದಾಯಿತು. ದಬದಬ, ಪಟಪಟ, ಸರಸರ, ಗುಡುಗುಡು, ಚುಂಯ್ ಇವೆಲ್ಲ ನಮ್ಮ ಬಾಯಲ್ಲೇ ಇವೆ. ಆದರೂ ಮಕ್ಕಳಿಗೆ ಸದ್ದು ಮಾಡುವುದೇ ಒಂದು ಆಟ, ಅವರಿಗೂ ಕೆಲಸ ಬೇಕು. ಮೊರಕ್ಕೆ ನಿಧಾನವಾಗಿ ಅಕ್ಕಿ ಸುರಿದರೆ ಮಳೆ. ಎರಡು ಕರಟ ಕುಟ್ಟಿದರೆ ಕುದುರೆ. ಹಳೇ ಎಕ್ಸ್‌ರೇ ಹಾಳೆ ಅಲ್ಲಾಡಿಸಿದರೆ ಗುಡುಗು. ಪ್ಲಾಸ್ಟಿಕ್ ಕವರ್ ಮೆಲ್ಲಗೆ ಹಿಸುಕಿದರೆ ಬೆಂಕಿ ಚಿಟಪಟ ಎನ್ನುತ್ತದೆ. ಟವೆಲ್ ಕೊಡವಿದರೆ ರೆಕ್ಕೆ. ಇವನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಆಮೇಲೆ ಸೇರಿಸಿ.

ಸಿನಿಮಾ ಹಾಡಿನ ತುಣುಕು ಹಾಕಿದರೆ ಹಕ್ಕಿನ ತಕರಾರು ಬರುತ್ತದೆ. ಸಂಗೀತ ಬೇಕೇ ಬೇಕೆಂದರೆ ಮನೆಯಲ್ಲಿ ಯಾರಾದರೂ ಗುನುಗುವ ಜೋಗುಳವನ್ನು ಆರಂಭಕ್ಕೆ, ಕೊನೆಗೆ ಇಡಿ. ಮಾತಿನ ಹಿಂದೆ ಬೇಡ.

ಕತ್ತರಿಸಿ ಜೋಡಿಸುವುದು

ಆಡಾಸಿಟಿ ಎಂಬ ತಂತ್ರಾಂಶ ಉಚಿತ. ಫೋನ್ ಎಂ4ಎ ಕಡತ ಕೊಟ್ಟಿದ್ದರೆ ವಿಂಡೋಸ್‌ನಲ್ಲಿ ಎಫ್‌ಎಫ್‌ಎಂಪೆಗ್ (FFmpeg) ಎಂಬ ಇನ್ನೊಂದು ತಂತ್ರಾಂಶವನ್ನೂ ಹಾಕಿಕೊಳ್ಳಬೇಕು, ಇಲ್ಲವಾದರೆ ತೆರೆಯುವುದಿಲ್ಲ. ವೇವ್ ಆರಿಸಿ ಎಂದದ್ದು ಈ ಕಾರಣಕ್ಕೂ ಹೌದು. ಮೂಲ ಕಡತದ ಒಂದು ಪ್ರತಿ ತೆಗೆದಿಟ್ಟು ಕೆಲಸ ಶುರುಮಾಡಿ. ಮೊದಲು ಚಪ್ಪಾಳೆಗಳನ್ನು ಹುಡುಕಿ ತಪ್ಪಿದ ವಾಕ್ಯ ತೆಗೆಯಿರಿ. ಆಮೇಲೆ ಆರಂಭದ ಹತ್ತು ಸೆಕೆಂಡ್ ಮೌನ ಆರಿಸಿ, ‘ನಾಯ್ಸ್ ರಿಡಕ್ಷನ್’ನಲ್ಲಿ ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಿ. ಕೋಣೆಯ ಗುಂಯ್ ಸದ್ದು ಹೇಗಿದೆಯೆಂದು ಅದಕ್ಕೆ ಗೊತ್ತಾಗುತ್ತದೆ. ಬಳಿಕ ಪೂರ್ತಿ ಕತೆ ಆರಿಸಿ ಆ ಗುಂಯ್ ಸದ್ದನ್ನು 6ರಿಂದ 12 ಡೆಸಿಬಲ್ ಇಳಿಸಿ. ಜಾಸ್ತಿ ಇಳಿಸಿದರೆ ನೀರೊಳಗಿಂದ ಮಾತಾಡಿದ ಹಾಗಾಗುತ್ತದೆ. ಕೊನೆಗೆ ‘ಲೌಡ್‌ನೆಸ್ ನಾರ್ಮಲೈಸೇಶನ್’ನಲ್ಲಿ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ದನಿ ಎಷ್ಟು ಜೋರು ಎಂಬುದರ ಅಳತೆ) ಕೊಡಿ. ಪಾಡ್‌ಕಾಸ್ಟ್‌ಗಳಿಗೆ ಆ್ಯಪಲ್ ಸೂಚಿಸುವ ಮಟ್ಟ ಇದೇ.

ಉಸಿರೆಳೆದುಕೊಂಡದ್ದು, ನಕ್ಕದ್ದು, ‘ಆಮೇಲೇನಾಯ್ತು ಹೇಳು’ ಎಂದು ಅಜ್ಜಿ ಕೇಳಿ ಕಾದದ್ದು, ಇವನ್ನೆಲ್ಲ ಹಾಗೇ ಉಳಿಸಿಕೊಳ್ಳಿ. ಬಾಗಿಲು ಬಡಿದ ಮೇಲಿನ ಮೌನವನ್ನು ಕತ್ತರಿಸಿದರೆ ಕತೆಯ ಜೀವವೇ ಹೋಗುತ್ತದೆ. ಹೂಂಗುಟ್ಟಿದ್ದನ್ನು ಇಡಬೇಕೋ ಬೇಡವೋ? ನಾನಾದರೆ ಇಡುತ್ತೇನೆ, ತೀರಾ ಮೈಕಿಗೆ ಹತ್ತಿರವಿದ್ದರೆ ಮಾತ್ರ ದನಿ ತಗ್ಗಿಸುತ್ತೇನೆ.

ಹಂಚುವುದು

ಎಂಪಿ3, ಮೋನೋ, 64 ಕೆಬಿಪಿಎಸ್‌ಗೆ ಉಳಿಸಿ. ಹತ್ತು ನಿಮಿಷದ ಕತೆ 5 ಎಂಬಿ ಒಳಗೇ ಮುಗಿಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿದರೆ ಕಡತ ಹಾಗೇ ತಲುಪುತ್ತದೆ. ಯೂಟ್ಯೂಬಿಗೆ ಹಾಕಿದರೆ ‘ಮೇಡ್ ಫಾರ್ ಕಿಡ್ಸ್’ ಎಂದು ಗುರುತು ಮಾಡಲೇಬೇಕು, ಆಗ ಕಾಮೆಂಟ್ ಬರುವುದಿಲ್ಲ. ಮಗುವಿನ ಪೂರ್ತಿ ಹೆಸರು, ಶಾಲೆ, ಬಡಾವಣೆಯ ಹೆಸರು ಕತೆಯ ನಡುವೆ ಬಂದಿದ್ದರೆ ಅಷ್ಟನ್ನು ತೆಗೆಯಿರಿ. ಕತೆ ಹೇಳಿದ ಅಜ್ಜಿಯನ್ನೂ ಒಂದು ಮಾತು ಕೇಳಿ. ಮೊಮ್ಮಕ್ಕಳಿಗೆ ಹೇಳುವುದು ಬೇರೆ, ಊರಿಗೆಲ್ಲ ಕೇಳಿಸುವುದು ಬೇರೆ.

ಹೊರಗೆ ಬಿಡುವ ಮೊದಲು ಆ ಕತೆ ಕೇಳಿರದ ಮಗುವಿಗೆ ಒಮ್ಮೆ ಹಾಕಿ ನೋಡಿ. ‘ಚೆನ್ನಾಗಿತ್ತಾ?’ ಎಂದು ಕೇಳಬೇಡಿ, ಹೌದು ಎಂದೇ ಹೇಳುತ್ತದೆ. ಯಾವ ನಿಮಿಷದಲ್ಲಿ ಎದ್ದು ನೀರು ಕುಡಿಯಲು ಹೋಯಿತು ಎಂದು ಗುರುತು ಮಾಡಿಕೊಳ್ಳಿ. ಅಲ್ಲೇ ಕತ್ತರಿಸಬೇಕಾದ್ದು.

ಕಾರಿಗೆ ಹಾಕುವವರಿಗೆ ಒಂದು ಮಾತು. ಹಳೇ ಸ್ಟೀರಿಯೋಗಳು ಎಫ್‌ಎಟಿ32 ಮಾದರಿಯ ಪೆನ್‌ಡ್ರೈವ್ ಬಿಟ್ಟರೆ ಬೇರೆಯದನ್ನು ಓದದೇ ಇರಬಹುದು. ಕನ್ನಡದ ಹೆಸರಿದ್ದರೆ ಪರದೆ ಮೇಲೆ ಬರೀ ಚೌಕಗಳು ಕಾಣುತ್ತವೆ. ಕಡತಗಳಿಗೆ 01, 02, 03 ಎಂದು ಹೆಸರಿಟ್ಟು, ಯಾವ ಸಂಖ್ಯೆ ಯಾವ ಕತೆ ಎಂದು ಚೀಟಿ ಬರೆದು ಡ್ಯಾಶ್‌ಬೋರ್ಡ್ ಡಬ್ಬದಲ್ಲಿಡಿ.